ಸ್ಮೋಕ್ ಅಲಾರ್ಮಿಗೆ ಶವರ್ ಕ್ಯಾಪು

ಸ್ಮೋಕ್ ಅಲಾರ್ಮಿಗೆ ಯಾರಾದರೂ ಶವರ್ ಕ್ಯಾಪ್ ತೊಡಿಸಿದ್ದನ್ನು ನೋಡಿದ್ದೀರಾ? ನಾನು ಕಳೆದ ತಿಂಗಳು ನೋಡಿದೆ. ಗುಲಾಬಿ ಬಣ್ಣದ್ದು. ಅಂಚಿನಲ್ಲಿ ಪುಟ್ಟ ಹೂಗಳು ಬೇರೆ!

ಕ್ಯಾಪಿನ ಒಡತಿ ಶಾಂತಕ್ಕ. ಹುಬ್ಬಳ್ಳಿಯವರು, ಎಪ್ಪತ್ತು ದಾಟಿದವರು. ಈ ಪರದೇಶದಲ್ಲಿ, ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಹಿರಿಯರಿಗೆಂದೇ ಸರ್ಕಾರ ನಡೆಸುವ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದಾರೆ. ಆದಾಯ ನೋಡಿ ಬಾಡಿಗೆ ಗೊತ್ತುಮಾಡುವ ಮನೆಗಳು. ವೇಟಿಂಗ್ ಲಿಸ್ಟಿನಲ್ಲಿ ವರ್ಷಗಟ್ಟಲೆ ಕಾದರೆ ಸಿಗುತ್ತವೆ. (ಮಗ ಸೊಸೆ ಹೊರಗೆ ಹಾಕಿದರೇನೋ ಎಂದು ಕರವಸ್ತ್ರ ತೆಗೆಯಬೇಡಿ. ಇಬ್ಬರೂ ವಾರವಾರ ಊಟಕ್ಕೆ ಬರುತ್ತಾರೆ, ಹೋಗುವಾಗ ಡಬ್ಬಿ ತುಂಬಿಸಿಕೊಂಡು ಹೋಗುತ್ತಾರೆ.)

"ಜಗಳಾ ಗಿಗಳಾ ಏನಿಲ್ಲವಾ. ಮೊದಲ ಅತ್ತಿ ಅಡಗಿಮನಿ, ಆಮ್ಯಾಲೆ ಸೊಸಿ ಅಡಗಿಮನಿ. ನಂದು ಅಂತ ಇದೇ ಮೊದಲನೇದು" ಎಂದು ಅವರು ಒಮ್ಮೆ ಹೇಳಿದ್ದರು. ಆ ಪುಟ್ಟ ಅಡುಗೆಮನೆಯಲ್ಲಿ ನಿಂತಾಗ ಅವರ ಮುಖ ನೋಡಬೇಕು!

ಕ್ಯಾಪ್ ನೋಡಿದ ದಿನ ಮಾತ್ರ ಆ ಮುಖ ಬಾಡಿತ್ತು. ನಾನು ಶೇಂಗಾ ಚಟ್ನಿಪುಡಿಯ ಆಸೆಗೆ ಹೋಗಿದ್ದೆ.

"ನಾಳೆ ಮನಿ ಇನ್‌ಸ್ಪೆಕ್ಷನ್ ಅದ. ನನ್ನ ಹೊರಗ ಹಾಕ್ತಾರೇನವಾ?" ಎಂದು ಮೇಲೆ ಕೈ ತೋರಿಸಿದರು. ಆಗಲೇ ಕ್ಯಾಪಿನ ದರ್ಶನವಾಗಿದ್ದು.

"ಇದ್ಯಾಕೆ ಶಾಂತಕ್ಕ?"

"ಒಗ್ಗರಣಿ ಹಾಕಿದ್ರ ಸಾಕು, ಹೊಯ್ಕೊಳ್ಳಿಕ್ಕೆ ಹತ್ತತದ. ಬಾಜೂಮನಿ ಚೀನಾದ ಅಜ್ಜಿ ಗಾಬರಿಯಾಗಿ ಓಡಿ ಬರ್ತಾಳ."

ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚು ಒತ್ತಿದೆ. ಸದ್ದಿಲ್ಲ.

"ಅದು ಕೆಟ್ಟು ಭಾಳ ದಿನ ಆತು."

"ಮ್ಯಾನೇಜರಿಗೆ ಹೇಳ್ಲಿಲ್ವಾ?"

"ಇಷ್ಟು ಚಲೋ ಮನಿ ಕೊಟ್ಟಾರ. ಮ್ಯಾಲೆ ಫ್ಯಾನು ಕೆಟ್ಟದ ಅಂತ ತಕರಾರು ಹೆಂಗ ಮಾಡೂದು?"

ನನಗೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು. ಮನೆಯೇನು ದಾನವೇ? ತಿಂಗಳಿಗೆ ಸರಿಯಾಗಿ ಬಾಡಿಗೆ ಕಟ್ಟುತ್ತಾರೆ, ಕರಾರಿಗೆ ಸಹಿ ಹಾಕಿದ್ದಾರೆ. ಮಾಲೀಕ ಸರ್ಕಾರವೇ ಆದರೂ ಕೆಟ್ಟಿದ್ದನ್ನು ರಿಪೇರಿ ಮಾಡಿಸಬೇಕು. ರಿಪೇರಿ ಕೇಳಿದರೆಂಬ ಸಿಟ್ಟಿಗೆ ಮನೆ ಬಿಡಿಸುವ ಹಾಗಿಲ್ಲ. ಇದನ್ನೆಲ್ಲ ಹೇಳಿದೆ. ಹಾಗಂತ ಅಲಾರ್ಮಿನ ಬಾಯಿ ಮುಚ್ಚುವುದು? ಅದೂ ತಪ್ಪೇ. ಹಾಗಾಗಿ ಒಂದು ಸುಲಭದ ದಾರಿಯನ್ನೂ ಸೂಚಿಸಿದೆ. "ಈಗಲೇ ಕ್ಯಾಪ್ ತೆಗೆದುಬಿಡಿ. ನಾಳೆ ಅವರಿಗೆ ಗೊತ್ತೇ ಆಗಲ್ಲ."

ಶಾಂತಕ್ಕ ಪಕ್ಕದ ಮನೆಯ ಗೋಡೆಯತ್ತ ಕೈ ತೋರಿಸಿದರು. "ಬ್ಯಾಡವಾ. ಖರೇನ ಬೆಂಕಿ ಬಿದ್ದಿದ್ರ ಆ ಅಜ್ಜಿ ಗತಿ ಏನಾಗ್ತಿತ್ತು? ನಾ ಮಾಡಿದ್ದು ನಾನಽ ಹೇಳ್ತೀನಿ. ನೀ ಬಾಜೂಕ ನಿಂದ್ರು, ಸಾಕು."

ಮರುದಿನ ಪಾಲೋ ಆಲ್ಟೋದ ನನ್ನ ಆಫೀಸಿಗೆ ರಜೆ ಹಾಕಿ ಬಾಜೂಕ ನಿಂತೆ. ಮ್ಯಾನೇಜರ್ ಮಾರಿಯಾ, ಜೊತೆಗೊಬ್ಬ ಇನ್‌ಸ್ಪೆಕ್ಟರ್ ಬಂದರು. ಶಾಂತಕ್ಕ ನೆರಿಗೆ ಸರಿಮಾಡಿಕೊಂಡು, ಅವರನ್ನು ನೇರವಾಗಿ ಅಲಾರ್ಮಿನ ಕೆಳಗೇ ನಿಲ್ಲಿಸಿ ಶುರುಮಾಡಿದರು.

"ಐ ಪುಟ್ ಕ್ಯಾಪ್. ಮೈ ಮಿಸ್ಟೇಕ್. ಫ್ಯಾನ್ ನಾಟ್ ವರ್ಕಿಂಗ್. ಯುವರ್ ಡ್ಯೂಟಿ."

ಅಷ್ಟೇ! ಕರಾರಿನಲ್ಲಿ ಪುಟಗಟ್ಟಲೆ ಬರೆದಿದ್ದನ್ನು ಇಷ್ಟು ಚೊಕ್ಕವಾಗಿ ಯಾವ ವಕೀಲರು ಹೇಳಿಯಾರು?

ಮಾರಿಯಾ ನಗಲಿಲ್ಲ. ಫ್ಯಾನಿನ ಸ್ವಿಚ್ಚು ಒತ್ತಿ ನೋಡಿದರು. "ಯಾಕೆ ಮೊದಲೇ ಹೇಳಲಿಲ್ಲ?" ಎಂದು ಕೇಳಿದರು.

"ಹೆದರಿಕಿ ಆತು ಅಂತ ಹೇಳು" ಅಂದರು ಶಾಂತಕ್ಕ. ಹೇಳಿದೆ.

ಮಾರಿಯಾ ಕುರ್ಚಿ ಎಳೆದು ಅವರ ಎದುರು ಕುಳಿತರು. "ನೀವು ಹೇಳದೆ ನನಗೆ ತಿಳಿಯುವುದು ಹೇಗೆ? ರಿಪೇರಿ ಮಾಡಿಸುವುದು ನನ್ನ ಕೆಲಸ. ಅಲಾರ್ಮನ್ನು ಮುಚ್ಚದೆ ಇರುವುದು ನಿಮ್ಮ ಕೆಲಸ. ಇನ್ನೊಮ್ಮೆ ಮುಚ್ಚಿದರೆ ನಾನು ನೋಟಿಸ್ ಕೊಡಲೇಬೇಕಾಗುತ್ತದೆ."

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಶಾಂತಕ್ಕ ಸ್ಟೂಲಿಗೆ ಕೈ ಹಾಕಿದ್ದರು. (ಹತ್ತಲು ಬಿಡಲಿಲ್ಲ. ಕ್ಯಾಪು ತೆಗೆದಿದ್ದು ನಾನು.)

ಅದೇ ವಾರ ಹೊಸ ಫ್ಯಾನು ಬಂತು. ಅಲಾರ್ಮನ್ನು ಒಲೆಯಿಂದ ತುಸು ದೂರಕ್ಕೆ ಸರಿಸಿದರು. ಮಾರಿಯಾ ನೋಡಲು ಬಂದಾಗ ಶಾಂತಕ್ಕ ಬೇಕೆಂದೇ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಒಣಮೆಣಸಿನಕಾಯಿ ಸುರಿದರು. ಮೂವರೂ ತಲೆಯೆತ್ತಿ ನಿಂತೆವು. ಅಲಾರ್ಮು ಮೌನ! ಮಾರಿಯಾಗೆ ಮಾತ್ರ ಒಂದೇ ಸಮನೆ ಸೀನು.

ಕತೆ ಇಲ್ಲಿಗೇ ಮುಗಿಯಲಿಲ್ಲ. ಪಕ್ಕದ ಅಜ್ಜಿಯ ಬಾತ್‌ರೂಮಿನ ನಲ್ಲಿ ಎಂದಿನಿಂದಲೋ ಸೋರುತ್ತಿತ್ತಂತೆ. ಅವರೂ ಹೆದರಿ ಸುಮ್ಮನಿದ್ದರು. ಶಾಂತಕ್ಕ ಅವರ ಕೈ ಹಿಡಿದು ಮಾರಿಯಾ ಆಫೀಸಿಗೆ ಕರೆದೊಯ್ದರು. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಚೀನೀ; ಕೈಸನ್ನೆಯಲ್ಲೇ ಎಲ್ಲ ನಡೆಯಿತು. ನಲ್ಲಿ ರಿಪೇರಿಯಾಗಿದೆ. ಇಬ್ಬರೂ ಈಗ ಸಂಜೆ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ. ಏನು ಮಾತಾಡುತ್ತಾರೋ, ದೇವರಿಗೇ ಗೊತ್ತು.

ಇಲ್ಲಿನ ನಮ್ಮ ಕನ್ನಡಿಗರಲ್ಲಿ ಎಷ್ಟೋ ಮಂದಿ ಗಿಲ್‌ರಾಯ್ ಊರಿನ ಕಡೆ ಎರಡನೆಯ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದಾರೆ. "ನಮ್ಮ ಟೆನೆಂಟು ಬಂಗಾರ ಕಣ್ರೀ, ಒಂದು ದಿನಾನೂ ಫೋನ್ ಮಾಡಿ ಕಂಪ್ಲೇಂಟ್ ಹೇಳಿಲ್ಲ" ಎಂದು ಪಾರ್ಟಿಗಳಲ್ಲಿ ಹಿಗ್ಗುತ್ತಾರೆ.

ಒಳ್ಳೆಯದು. ಆದರೆ ಆ ಬಂಗಾರದವರು ಸುಮ್ಮನಿರುವುದು ಎಲ್ಲ ಸರಿಯಾಗಿದೆ ಎಂದೋ, ನಿಮಗೆ ಹೆದರಿಯೋ?