ಅಮ್ಮ ಕೊಪ್ಪಲಿನಲ್ಲೇ ಉಳಿದದ್ದು

ನಾನು ಮೂರನೇ ಕ್ಲಾಸಿನಲ್ಲಿದ್ದ ಕಾಲ. ಆಗೆಲ್ಲ ಒಂದು ಮಗು ಎಲ್ಲಿ ಹುಟ್ಟಬೇಕು ಎಂಬುದನ್ನು ಹೆರುವವಳೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಸೇರಿ ತೀರ್ಮಾನಿಸುತ್ತಿದ್ದರು. ಚೊಚ್ಚಲು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ. ಹೆರಿಗೆ ಆಗುವುದು ನರ್ಸಿಂಗ್ ಹೋಮಿನಲ್ಲೇ ಆದರೂ ಬಸುರಿ ಯಾವ ಮನೆಯಿಂದ ಹೊರಟಳು, ಬಾಣಂತಿಯಾಗಿ ಯಾವ ಮನೆಗೆ ಬಂದಳು ಎಂಬುದೇ ಮುಖ್ಯ. ನಾನು ಹುಟ್ಟಿದ್ದು ಅಮ್ಮನ ತವರಾದ, ಮೈಸೂರಿನದೇ ಕುಂಬಾರಕೊಪ್ಪಲಿನಲ್ಲಿ. ಹಾಗಾಗಿ ಅಮ್ಮ ಮತ್ತೆ ಬಸುರಾದಾಗ, ಈ ಸಲದ ಸರದಿ ಕುವೆಂಪುನಗರದ ನಮ್ಮ ಮನೆಯದು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಆಗಿಹೋಗಿತ್ತು.

ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಾಯಿ, ಅಂದರೆ ಅಜ್ಜಿ. ಅಮ್ಮನ ತಾಯಿಯನ್ನು ನಾನು ಕೊಪ್ಪಲಜ್ಜಿ ಎನ್ನುತ್ತಿದ್ದೆ. ಅಜ್ಜಿಗೆ ಅಪ್ಪ ಒಬ್ಬನೇ ಮಗ. ಹೆಣ್ಣುಮಕ್ಕಳಿಲ್ಲದ ಮನೆಗೆ ಬಾಣಂತನ ಎಲ್ಲಿಂದ ಬರಬೇಕು? ಸೊಸೆಯ ಎರಡನೇ ಹೆರಿಗೆಗಾಗಿ ಆಕೆ ಎಂಟು ವರ್ಷ ಕಾದಿದ್ದಳು. ಹಳೇ ನೂಲಿನ ಸೀರೆಗಳನ್ನು ಒಗೆದು, ಹರಿದು, ಮಗುವಿಗೆಂದು ಮೆತ್ತನೆಯ ಬಟ್ಟೆಗಳ ಗಂಟು ಕಟ್ಟಿಟ್ಟಿದ್ದಳು. ಅಟ್ಟದಿಂದ ಅಪ್ಪನ ಮರದ ತೊಟ್ಟಿಲು ಇಳಿದಿತ್ತು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮನಿಗೆ ಒಂದೊಂದು ತಿಂಗಳು ತುಂಬುವ ತಾರೀಖಿಗೂ ಪೆನ್ಸಿಲ್ಲಿನಿಂದ ಗುಂಡಗೆ ಸುತ್ತು ಹಾಕುತ್ತಿದ್ದಳು.

ಅಮ್ಮನ ಮನಸ್ಸು ಬೇರೆ ಇತ್ತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂದು ಬೆಳಿಗ್ಗೆ ನನಗೆ ಜಡೆ ಹಾಕುತ್ತಾ ಮೆಲ್ಲಗೆ ಹೇಳಿದಳು: "ಅವ್ವನ ಮನೇಲಾದ್ರೆ ಸುಮ್ನೆ ಮಲಗ್ಬೋದಿತ್ತು ಪುಟ್ಟಿ. ಇಲ್ಲಿ ಮಲಗಿದ್ರೂ ಎದ್ದಂಗೇ ಇರ್ಬೇಕು."

"ಅಪ್ಪಂಗೆ ಹೇಳಮ್ಮ."

"ಬೇಡ. ಅತ್ತೆ ಎಷ್ಟು ಆಸೆ ಇಟ್ಕೊಂಡವ್ರೆ ನೋಡು. ನೀನೂ ಯಾರ ಹತ್ರಾನೂ ಬಾಯ್ಬಿಡ್ಬೇಡ."

ಹೇಳುವುದಿಲ್ಲ ಎಂದು ತಲೆ ಮುಟ್ಟಿ ಆಣೆ ಮಾಡಿದೆ. ಅಜ್ಜಿ ಕೆಟ್ಟವಳಲ್ಲ, ಅಮ್ಮನಿಗೆ ಒಂದು ದಿನವೂ ಗದರಿದವಳಲ್ಲ. ಆದರೂ ಆಕೆಯ ಹೆಜ್ಜೆ ಸದ್ದಾದರೆ ಅಮ್ಮ ಕೂತಲ್ಲಿಂದ ಏಳುತ್ತಿದ್ದದ್ದು ನಿಜ.

ಏಳನೇ ತಿಂಗಳಿನಲ್ಲಿ ಕೊಪ್ಪಲಜ್ಜಿಯಿಂದ ಕರೆ ಬಂತು. ಅವರೆಕಾಯಿ ಕಾಲ, ಮಗಳಿಗೆ ಬಯಕೆ ಊಟ ಹಾಕಿ ಎರಡೇ ದಿನಕ್ಕೆ ಕಳಿಸಿಬಿಡುತ್ತೇನೆ ಎಂದಳು. ಅಪ್ಪ ಶನಿವಾರ ಆಟೋದಲ್ಲಿ ನಮ್ಮಿಬ್ಬರನ್ನೂ ಬಿಟ್ಟುಬಂದ.

ಕೊಪ್ಪಲಿನ ಮನೆ ಎಂದರೆ ನನಗೆ ಇವತ್ತಿಗೂ ಅವರೆಕಾಯಿಯ ಸೊಗಡು. ಹಂಚಿನ ಸಣ್ಣ ಮನೆ, ಮುಂದೆ ಜಗಲಿ, ಹಿತ್ತಿಲಲ್ಲಿ ಹೊಗೆಯಾಡುವ ನೀರಿನ ಹಂಡೆ. ಜಗಲಿಯ ಮೇಲೆ ನೆನೆಸಿದ ಕಾಳಿನ ಬೋಗುಣಿ ಇಟ್ಟುಕೊಂಡು ನಾನೂ ಬೀದಿಯ ಹುಡುಗಿಯರೂ ಹಿತುಕಲು ಕೂರುತ್ತಿದ್ದೆವು. ಎರಡು ಬೆರಳ ನಡುವೆ ಒತ್ತಿದರೆ ಕಾಳು ಸಿಪ್ಪೆಯಿಂದ ಚಿಮ್ಮಿ ಹಾರುತ್ತಿತ್ತು. ಯಾರದು ದೂರ ಹಾರುತ್ತದೆ ಎಂದು ಪಂದ್ಯ. ಪಾತ್ರೆಗೆ ಬಿದ್ದದ್ದಕ್ಕಿಂತ ಬೀದಿಗೆ ಬಿದ್ದದ್ದೇ ಹೆಚ್ಚು ಎಂದು ಕೊಪ್ಪಲಜ್ಜಿ ಬೈಯುತ್ತಿದ್ದಳು. ಒಳಗೆ, ಬಿಸಿಲು ಬೀಳುವ ಕಡೆ ಚಾಪೆ ಹಾಕಿಕೊಂಡು ಅಮ್ಮ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಹಗಲುಹೊತ್ತಿನಲ್ಲಿ ಅಮ್ಮ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ ಸಂಜೆ ಅಪ್ಪ ಕರೆದೊಯ್ಯಲು ಬಂದ. ಕೊಪ್ಪಲಜ್ಜಿ ಹಿತಕಿದ ಬೇಳೆ ಸಾರಿನಲ್ಲಿ ಅಳಿಯನಿಗೆ ಹೊಟ್ಟೆ ಬಿರಿಯುವಷ್ಟು ಬಡಿಸಿ, ಆಮೇಲೆ ಹೇಳಿದಳು: "ಇವತ್ತು ಅಮಾಸೆ ಕಣಪ್ಪ. ಅಮಾಸೆ ದಿನ ಬಸುರಿ ಹೆಂಗ್ಸನ್ನ ಹೊಸ್ಲು ದಾಟಿಸ್ತಾರಾ? ನಾಳೆ ಬನ್ನಿ."

ಅದು ನ್ಯಾಯವೇ ಎನಿಸಿ ಅಪ್ಪ ಹೋದ. ಸೋಮವಾರ ಮತ್ತೆ ಬಂದ. ಈ ಸಲ ಕೊಪ್ಪಲಜ್ಜಿ ಬಾಗಿಲಲ್ಲೇ ನಿಂತಿದ್ದಳು.

"ನಿನ್ನೆ ಅಮಾಸೆಗೆ ಏಳು ತುಂಬ್ತು. ಇವತ್ತು ಎಂಟಕ್ಕೆ ಬಿತ್ತಲ್ಲಪ್ಪ. ಎಂಟ್ರಲ್ಲಿ ಬಸುರಿ ಮನೆ ಬದಲಾಯಿಸ್ಬಾರ್ದು. ನಿಮ್ಮಮ್ಮೋರ್ನೇ ಕೇಳಿ, ಅವ್ರೂ ಅದೇ ಹೇಳ್ತಾರೆ."

ಎಂಟನೇ ತಿಂಗಳಿನಲ್ಲಿ ಎಲ್ಲಿದ್ದಾಳೋ ಅಲ್ಲೇ ಇರಬೇಕು ಎಂಬ ಪದ್ಧತಿ ಅಪ್ಪನಿಗೂ ಗೊತ್ತಿತ್ತು. ಲೆಕ್ಕ ಮಾತ್ರ ಗೊತ್ತಿರಲಿಲ್ಲ. ಬಂದ ಆಟೋದಲ್ಲೇ ವಾಪಸ್ ಹೋದ. ನಾನು ಒಳಗೆ ಓಡಿಬಂದು ನೋಡಿದರೆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಸ್ಕೂಲಿಗೆ ಚಕ್ಕರ್ ಹೊಡೆದ ಖುಷಿಯಲ್ಲಿ ನಾನೂ ನಕ್ಕೆ.

ಮಂಗಳವಾರ ಅಜ್ಜಿಯೇ ಬಂದಳು. ಕಾಫಿ ಲೋಟವನ್ನು ಮುಟ್ಟದೆ ಜಗಲಿಯ ತುದಿಯಲ್ಲಿ ಕೂತಳು.

"ನನ್ನ ಲೆಕ್ಕದಲ್ಲಿ ಎಂಟಕ್ಕೆ ಇನ್ನೂ ಆರು ದಿನ ಇದೆ. ತಾರೀಖು ಗುರುತು ಹಾಕಿಟ್ಟಿದ್ದೀನಿ."

"ನಮ್ದು ಅಮಾಸೆ ಲೆಕ್ಕ ಅಕ್ಕ. ತಾರೀಕೆಲ್ಲ ಆಪೀಸಿನೋರ್ಗೆ," ಎಂದಳು ಕೊಪ್ಪಲಜ್ಜಿ, ತಣ್ಣಗೆ.

"ಎಂಟು ವರ್ಷ ಕಾದಿದ್ದೀನಿ. ನನ್ನ ಮನೇಲಿ ಒಂದು ತೊಟ್ಟಿಲು ತೂಗಬಾರದಾ?"

ಅಮ್ಮ ಕಂಬಕ್ಕೊರಗಿ ನಿಂತಿದ್ದಳು. ಅವಳ ಬ್ಯಾಗನ್ನು ಅಜ್ಜಿ ಆಗಲೇ ತನ್ನ ಪಕ್ಕಕ್ಕೆ ಎಳೆದುಕೊಂಡಿದ್ದಳು. ಅಮ್ಮ ಬಗ್ಗಿ ಚಪ್ಪಲಿಗೆ ಕೈ ಹಾಕಿದ್ದು ಕಂಡಾಗ ನನಗೆ ತಡೆಯಲಾಗಲಿಲ್ಲ.

"ಅಮ್ಮಂಗೆ ಇಲ್ಲೇ ಇರ್ಬೇಕಂತೆ ಅಜ್ಜಿ. ಅಲ್ಲಿ ಮಲಗಿದ್ರೂ ಎದ್ದಂಗೇ ಇರ್ಬೇಕಂತೆ."

ಅಮ್ಮನ ಮುಖ ಬಿಳಿಚಿಕೊಂಡಿತು. ಆಣೆ ಮುರಿದ ಭಯಕ್ಕೆ ನಾನು ಕೊಪ್ಪಲಜ್ಜಿಯ ಹಿಂದೆ ಅವಿತೆ. ಅಜ್ಜಿ ಅಮ್ಮನ ಕಡೆ ತಿರುಗಿದಳು.

"ಹೌದೇನಮ್ಮ?"

ಅಮ್ಮ ಹಿಡಿದ ಚಪ್ಪಲಿಯನ್ನು ಕೆಳಗಿಟ್ಟಳು. ಕಣ್ಣೀರು ಇಳಿಯಿತು.

"ಒಂದ್ಮಾತು ಹೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ ನಿನ್ನ?" ಎಂದಳು ಅಜ್ಜಿ. ಆಮೇಲೆ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಹೊರಟುಹೋದಳು. ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನನ್ನಿಂದ ಎಲ್ಲ ಕೆಟ್ಟಿತು ಎಂದು ನಾನು ಹಿತ್ತಿಲಲ್ಲಿ ಕೂತು ಅತ್ತೆ.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಆಟೋ ನಿಂತಿತು. ಮೊದಲು ತೊಟ್ಟಿಲು ಇಳಿಯಿತು, ಆಮೇಲೆ ಬಟ್ಟೆಯ ಗಂಟು, ಕೊನೆಗೆ ಅಜ್ಜಿ. ಬಾಗಿಲಿಗೆ ಬಂದ ಕೊಪ್ಪಲಜ್ಜಿಗೆ ಹೇಳಿದಳು: "ಮನೆ ನಿಮ್ದು. ಬಾಣಂತನ ನಂದು. ಒಪ್ಪಿದ್ರೆ ಒಳಗೆ ಬರ್ತೀನಿ."

ಕೊಪ್ಪಲಜ್ಜಿ ತೊಟ್ಟಿಲ ಇನ್ನೊಂದು ತುದಿ ಹಿಡಿದಳು.

ಆಮೇಲಿನ ದಿನಗಳಲ್ಲಿ ಆ ಸಣ್ಣ ಮನೆಯಲ್ಲಿ ಇಬ್ಬರು ಅಜ್ಜಿಯರು. ತಮ್ಮ ಹುಟ್ಟಿ, ಅಮ್ಮ ನರ್ಸಿಂಗ್ ಹೋಮಿನಿಂದ ಬಂದ ಮೇಲೆ ಜಗಳಕ್ಕೆ ಕೊನೆಯೇ ಇಲ್ಲ. ಬೆಳ್ಳುಳ್ಳಿ ಸುಡಬೇಕೋ ತುಪ್ಪದಲ್ಲಿ ಹುರಿಯಬೇಕೋ, ಮಗುವಿಗೆ ಮೊದಲು ಎಣ್ಣೆ ಒತ್ತುವವರು ಯಾರು, ಸಾಂಬ್ರಾಣಿ ಹೊಗೆ ಎಷ್ಟು ಹೊತ್ತು ಎಂದು ಇಡೀ ದಿನ ವಾದ. ತಮ್ಮನ ಮೂಗು ಯಾರ ಕಡೆಯದು ಎಂಬುದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ನಡುವೆ ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ನೆಮ್ಮದಿಯಾಗಿ ನಿದ್ದೆ ಹೋಗುತ್ತಿದ್ದಳು. ಅಜ್ಜಿ ಒಳಗೆ ಬಂದರೂ ಏಳುತ್ತಿರಲಿಲ್ಲ.

ಈಗ ಆ ಇಬ್ಬರು ಅಜ್ಜಿಯರೂ ಇಲ್ಲ. ಕೊಪ್ಪಲಿನ ಮನೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ನಾನು ಬಸುರಾಗುವ ಹಿಂದಿನ ವರ್ಷವೇ ಅಮ್ಮನೂ ಹೋದಳು. ಆಗ ಅತ್ತೆಮನೆಯವರು ಬಹಳ ಒಳ್ಳೆಯ ಮಾತಾಡಿದರು: ನಿನಗೆಲ್ಲಿ ಅನುಕೂಲವೋ ಅಲ್ಲೇ ಮಾಡಿಕೊ, ನಮ್ಮದೇನೂ ಒತ್ತಾಯವಿಲ್ಲ. ಅಮ್ಮ ಹೋದ ಮೇಲೆ ಕುವೆಂಪುನಗರದ ಮನೆ ಖಾಲಿ ಮಾಡಿ, ಬೇರೆ ಊರಿನಲ್ಲಿ ನನ್ನ ತಮ್ಮನ ಜೊತೆಗಿದ್ದ ಅಪ್ಪನೂ ಫೋನಿನಲ್ಲಿ ಅದನ್ನೇ ಹೇಳಿದ. ನಾನು ನಾಲ್ಕು ಆಸ್ಪತ್ರೆ ಸುತ್ತಿ, ಕಿಟಕಿಯಿಂದ ಚಾಮುಂಡಿಬೆಟ್ಟ ಕಾಣುವ ಕೋಣೆಯನ್ನೇ ಆರಿಸಿಕೊಂಡೆ. ಅಮ್ಮನಿಗೆ ಸಿಗದಿದ್ದ ಸ್ವಾತಂತ್ರ್ಯ ಎಂದು ಗೆಳತಿಯರ ಮುಂದೆ ಹೇಳಿಕೊಂಡೆ ಕೂಡ.

ಮಗಳು ಹುಟ್ಟಿದ ಮೂರನೇ ದಿನ ನರ್ಸ್ ಒಬ್ಬಳು ಕಾಗದ ತುಂಬಿಸಿಕೊಳ್ಳುತ್ತಾ ಕೇಳಿದಳು: "ಇಲ್ಲಿಂದ ಬಾಣಂತನಕ್ಕೆ ಎಲ್ಲಿಗೆ ಹೋಗ್ತೀರಾ ಮೇಡಂ? ಅಮ್ಮನ ಮನೆ ಎಲ್ಲಿ?"

"ಇಲ್ಲೇ, ಮೈಸೂರೇ," ಎಂದುಬಿಟ್ಟೆ.

ಆಕೆ ಪೆನ್ನು ಹಿಡಿದು ವಿಳಾಸಕ್ಕೆ ಕಾಯುತ್ತಾ ನಿಂತಳು. ಹೇಳಲು ನನ್ನ ಹತ್ತಿರ ವಿಳಾಸವಿರಲಿಲ್ಲ.