ಖಾಡಿಯ ಎಣ್ಣೆ ಬಾಚಿದ ರೆಹಾನಾ

ನಂಬಲು ಆಗುತ್ತಿಲ್ಲ...
ರೆಹಾನಾ ಇನ್ನಿಲ್ಲ.

ಮಧ್ಯಾಹ್ನ ಅವಳ ಮಗಳು ಸನಾ ಫೋನ್ ಮಾಡಿ, "ಅಂಕಲ್, ಅಮ್ಮೀ ಚಲೀ ಗಯೀ" ಎಂದಳು.
ಹೋದಳೇ, ಎಲ್ಲಿಗೆ ಎಂದು ಕೇಳಿಬಿಟ್ಟೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅವಳು ವಿಜಯಪುರದ ಕಡೆಯವಳು. ವಡಾಲದ ನಮ್ಮ ಹೋಟೆಲಿನ ಕಿಚನ್‌ನಲ್ಲಿ ನಾನು ದೋಸೆ ಕಲ್ಲಿನ ಮುಂದೆ, ಅವಳು ಚಟ್ನಿಯ ಗ್ರೈಂಡರ್ ಪಕ್ಕ.
ಉಡುಪಿಯವರಿಗೆ ಖಾರ ಎಂದರೇನೆಂದೇ ತಿಳಿಯದು ಎಂದು ದಿನವೂ ಹಂಗಿಸುತ್ತಿದ್ದಳು.
ಮನೆ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಅಂಚಿನ ಚಾಳ್‌ನ ಸಾಲುಕೋಣೆಗಳಲ್ಲಿ ಒಂದು.

ಹಡಗಿನಿಂದ ಸೋರಿದ ಎಣ್ಣೆ ಭರತದ ನೀರಿನೊಂದಿಗೆ ಆ ಖಾಡಿಗೆ ನುಗ್ಗಿತು.
ಹಡಗಿನ ಕಂಪನಿಯವರು ಚಾಳ್‌ನ ಹೆಂಗಸರನ್ನು ಕರೆದು ಎಣ್ಣೆ ಬಾಚಲು ಕೈಗೆ ಬಕೆಟ್ ಕೊಟ್ಟರು.
ಬರಿಗೈ... ಹವಾಯಿ ಚಪ್ಪಲಿ... ಮೊಣಕಾಲವರೆಗೆ ಕಪ್ಪು ಕೆಸರು.
ಕಂಪನಿಯ ಸಾಹೇಬರೂ ಬಂದಿದ್ದರು. ಗಮ್‌ಬೂಟು, ಗ್ಲೌಸ್, ಮಾಸ್ಕ್.
ಟಿವಿಯವರ ಮುಂದೆ ಮಾತ್ರ ಮಾಸ್ಕ್ ಇಳಿಸಿದರು. ಆ ಸುಂದರ ಮುಖ ದೇಶ ನೋಡಬೇಡವೇ...

ಆ ವಾರವೇ ಹೆಂಗಸರಿಗೆ ತಲೆನೋವು, ವಾಂತಿ, ಕಣ್ಣುರಿ. ಕೈಗಳ ಮೇಲೆಲ್ಲ ಗುಳ್ಳೆ.
ಕೆಲವರಿಗೆ ವಾಸಿಯಾಯಿತು. ರೆಹಾನಾಳ ಕೆಮ್ಮು ಉಳಿಯಿತು.
ಕಂಪನಿ ಕಳಿಸಿದ ಡಾಕ್ಟರ್ ಸ್ಟೆತಸ್ಕೋಪ್ ಕೂಡ ಇಡದೆ, ಎಣ್ಣೆಯಿಂದಲ್ಲ, ಒಲೆಯ ಹೊಗೆ ಇರಬೇಕು, ಟೆನ್ಷನ್ ಬೇಡ ಎಂದ.
ಎಣ್ಣೆಯೇ ಅವಳನ್ನು ಕೊಂದಿತೆಂದು ನಾನು ಹೇಳಲಾರೆ, ನನಗೆ ಅಷ್ಟು ವಿದ್ಯೆ ಇಲ್ಲ.
ಮುಟ್ಟಿಯೂ ನೋಡದೆ "ಎಣ್ಣೆಯಿಂದಲ್ಲ" ಎನ್ನುವಷ್ಟು ವಿದ್ಯೆ ಅವನಿಗಿತ್ತು...

ರೆಹಾನಾ...
ಎಣ್ಣೆ ಬಾಚಿದ್ದಕ್ಕೆ ಕಂಪನಿ ಇಟ್ಟ ಆ ಸನ್ಮಾನದ ದಿನ ನೀನು ನನ್ನನ್ನೂ ಕರೆದೊಯ್ದಿದ್ದೆ.
ಎಸಿ ಹಾಲ್. "ಕೋಸ್ಟ್ ವಾರಿಯರ್" ಎಂಬ ಬ್ಯಾನರ್. ಸಾಹೇಬರ ಕೈಯಲ್ಲಿ ಶಾಲು.
ನೀನು ಶಾಲು ಮುಟ್ಟಲಿಲ್ಲ. ಮೈಕ್ ತೆಗೆದುಕೊಂಡೆ.
"ನಿಮಗ ಗೊತ್ತಿತ್ತ್ರೀ ಸಾಹೇಬ್ರ. ಅದಕ್ಕ ನೀವು ಮಾಸ್ಕ್ ಹಾಕ್ಕೊಂಡು ಬಂದ್ರಿ, ನಮಗ ಬರೇ ಬಕೆಟ್ ಕೊಟ್ರಿ."
ಮೈಕ್ ಆಫ್ ಮಾಡಿದರು. ನೀನು ನಿಲ್ಲಿಸಲಿಲ್ಲ. ಕೆಮ್ಮು ಬಂದು ಕುಸಿಯುವವರೆಗೂ ಹೇಳಿದೆ.
ಸಾಹೇಬರು ವಾಚ್ ನೋಡಿಕೊಂಡು ಊಟಕ್ಕೆ ಎದ್ದರು.

ಮರುದಿನದಿಂದ ಚಾಳ್‌ನ ಹೆಂಗಸರನ್ನು ನೀನೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಬರಲೊಲ್ಲೆ ಎಂದವರನ್ನು ಬೈದು ಎಬ್ಬಿಸಿದೆ.
ಎದೆ ಪರೀಕ್ಷೆಯಾಯಿತು, ಇನ್‌ಹೇಲರ್ ಸಿಕ್ಕಿತು. ಅವರೆಲ್ಲ ಇಂದು ನಿನ್ನ ಬಾಗಿಲಲ್ಲಿ ಕೂತು ಅಳುತ್ತಿದ್ದಾರೆ.
ನಿನ್ನ ಪುಪ್ಪುಸಕ್ಕೆ ಮಾತ್ರ ತಡವಾಗಿತ್ತು...

ಸಂಜೆ ಕಂಪನಿಯ ಪೇಜ್‌ನಲ್ಲಿ ರೆಹಾನಾಳ ಫೋಟೋ ಬಂತು. "ನಮ್ಮ ವಾರಿಯರ್‌ಗೆ ನಮನ" ಅಂತೆ. ಸುತ್ತ ಹೂವಿನ ಡಿಸೈನ್, ಮೂಲೆಯಲ್ಲಿ ಲೋಗೋ.
ಥೂ...
ಸನಾ ಅದರ ಕೆಳಗೇ ಬರೆದಳು: "ಯೇ ಮೇರೀ ಅಮ್ಮೀ ಹೈ. ಆಪ್‌ಕೀ ಕುಛ್ ನಹೀ. ಫೋಟೋ ಹಟಾವೋ." ಇವಳು ನನ್ನಮ್ಮ, ನಿಮಗೇನೂ ಅಲ್ಲ, ಫೋಟೋ ತೆಗೆಯಿರಿ ಎಂದು.
ಫೋಟೋ ಹೋಯಿತು. ಕ್ಷಮೆಯ ಒಂದು ಮಾತೂ ಬರಲಿಲ್ಲ.
ಅಮ್ಮನ ಭಾಷೆಯಲ್ಲಿ ನೀವು ಬರೆಯಿರಿ ಎಂದು ಸನಾ ನನಗೆ ಹೇಳಿದಳು. ಬರೆದಿದ್ದೇನೆ.

ಹೋಗಿ ಬಾ ರೆಹಾನಾ...
ಉಸಿರಿನ ಆ ಗುದ್ದಾಟ ಮುಗಿಯಿತು. ನಿನ್ನ ಜೀವ ತಣ್ಣಗಿರಲಿ.
ಆ ಸಾಹೇಬರ ನೆಮ್ಮದಿಗಾಗಿ ಮಾತ್ರ ನಾನು ಬೇಡಿಕೊಳ್ಳಲಾರೆ.