ಅಡಿ ಅಂದ ಆರುಮುಗಂ ಅಣ್ಣ

ರಾಬರ್ಟ್‌ಸನ್‌ಪೇಟೆಯ ಶೆಡ್ಡಿನಲ್ಲಿ ಆರುಮುಗಂ ಅಣ್ಣ ಮೂವತ್ತು ವರ್ಷ ಮರಗೆಲಸ ಮಾಡಿದವರು. ಅವರಪ್ಪ ಚಿನ್ನದ ಗಣಿಗೆ ಇಳಿಯುತ್ತಿದ್ದ ಮನುಷ್ಯ. ಎರಡೆರಡು ಸಲ ನೋಡಿಕೊಳ್ಳುವುದು ಮಗನಿಗೆ ಅಲ್ಲಿಂದಲೇ ಬಂದಿತ್ತು. ಮೊಳೆ ಹೊಡೆಯುವ ಗಾಳಿ ಗನ್ ಮುಟ್ಟುವ ಮೊದಲು ಕನ್ನಡಕ ಹಾಕಿಕೊಳ್ಳುತ್ತಿದ್ದರು. ಮೊಳೆ ಸಿಕ್ಕಿಕೊಂಡರೆ ಮೊದಲು ಗಾಳಿ ಪೈಪು ಕಿತ್ತಿಡುತ್ತಿದ್ದರು.

"ಪೂಜೆ ಮುಗೀತಾ ಅಣ್ಣಾ?" ಎಂದು ನಾನು ರೇಗಿಸುತ್ತಿದ್ದೆ. ನಾನು, ಕ್ಯಾಸಂಬಳ್ಳಿಯ ಕೋದಂಡಪ್ಪ, ಹುಟ್ಟಾ ಅವಸರದವನು. ಗನ್ನಿನ ಮೂತಿ ಹಲಗೆಗೆ ಒತ್ತಿದರೆ ಮಾತ್ರ ಮೊಳೆ ಹಾರಬೇಕು. ಅಷ್ಟು ತಾಳ್ಮೆಯೂ ನನಗಿರಲಿಲ್ಲ. ಮೂತಿಯನ್ನು ಹಿಂದಕ್ಕೆಳೆದು ತಂತಿ ಸುತ್ತಿಬಿಟ್ಟಿದ್ದೆ. ಟ್ರಿಗರ್ ಮುಟ್ಟಿದರೆ ಸಾಕು, ಠಪ್!

"ಅದರ ಬಾಯಿ ಕಟ್ಬ್ಯಾಡಪ್ಪಾ, ತಂತಿ ಬಿಚ್ಚು" ಎಂದು ಅಣ್ಣ ದಿನಾ ಹೇಳುತ್ತಿದ್ದರು. ಹೂಂ ಅನ್ನುತ್ತಿದ್ದೆ, ಅಷ್ಟೇ.

ನಮ್ಮ ಶೆಡ್ಡಿನಲ್ಲಿ 'ಹೊಡಿ' ಅನ್ನಲು ಎಲ್ಲರೂ ತಮಿಳಿನ 'ಅಡಿ' ಅನ್ನುತ್ತಿದ್ದೆವು. ಆದರೆ ಮನೆಮಾತು ತಮಿಳಾದ ಅಣ್ಣ ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದರು. ಅದು ಅವರು ನನಗೆ ಕೊಟ್ಟ ಮರ್ಯಾದೆ.

ಆ ಬುಧವಾರ ಹಲಗೆಯ ಕೆಳಗೆ ಕೈಯಿಟ್ಟು ಹೊಂದಿಸುತ್ತಿದ್ದ ಅಣ್ಣ "ಅಡೀಲಿ ಕೈ ಐತೆ" ಅನ್ನಲು ಹೊರಟರು. ನನಗೆ 'ಅಡಿ' ಅಷ್ಟೇ ಸಾಕಾಯಿತು. ಮೂತಿ ಮರಕ್ಕೆ ತಾಗುವ ಮೊದಲೇ ಟ್ರಿಗರ್ ಒತ್ತಿದೆ. ಮೊಳೆ ಹಲಗೆಯ ಅಂಚು ತಪ್ಪಿಸಿಕೊಂಡು ಹೋಗಿ ಅವರ ಅಂಗೈಗೆ ನಾಟಿತು.

ಹೇಳಲು ನಾಚಿಕೆಯಾಗುತ್ತದೆ. ಆ ಕ್ಷಣ ನಾನು ತಂತಿ ಬಿಚ್ಚಿ ಜೇಬಿಗಿಟ್ಟುಕೊಂಡೆ. ಆಮೇಲೆ ಅಯ್ಯಯ್ಯೋ ಎಂದು ಕೂಗಿದೆ.

ಮಾಲೀಕ ವಿಜಯಕುಮಾರ್ ಓಡಿಬಂದು ಗನ್ನನ್ನು ತಿರುಗಿಸಿ ನೋಡಿದರು. "ಗನ್ ಸರಿಯಾಗೇ ಐತಲ್ಲಣ್ಣಾ! ಕೈ ಎಲ್ಲಿಡಬೇಕು ಅಂತ ಗೊತ್ತಾಗಲ್ವಾ?" ಅಣ್ಣ ನನ್ನ ಮುಖ ನೋಡಿದರು. ನಾನು ಗಾಳಿ ತುಂಬುವ ಕಂಪ್ರೆಸರಿನ ಮುಳ್ಳು ನೋಡುತ್ತಾ ನಿಂತೆ.

ಒಂಬತ್ತನೇ ದಿನ ಬ್ಯಾಂಡೇಜಿನ ಕೈಯಲ್ಲೇ ಕೆಲಸಕ್ಕೆ ಬಂದರು. "ವಯಸ್ಸಾಯ್ತಣ್ಣಾ, ಮನೇಲಿರಿ. ಬೇರೆಯೋರ್ನ ನೋಡ್ಕೊಂಡಿದ್ದೀನಿ" ಎಂದರು ವಿಜಯಕುಮಾರ್. ಅಣ್ಣ ಒಂದೇ ಕೈಯಲ್ಲಿ ತಮ್ಮ ಉಳಿ, ಸುತ್ತಿಗೆ ಚೀಲಕ್ಕೆ ತುಂಬತೊಡಗಿದರು.

ಥೂ ನನ್ನ ಜನ್ಮಕ್ಕೆ! ಇನ್ನು ತಡೆಯಲಾಗಲಿಲ್ಲ. ಜೇಬಿನ ತಂತಿಯನ್ನು ಮೇಜಿನ ಮೇಲಿಟ್ಟೆ. "ತಪ್ಪು ನಂದು ಸಾರ್. ಗನ್ನಿಗೆ ಇದನ್ನ ಸುತ್ತಿದ್ದೆ. ಅಣ್ಣಂದು ಏನೂ ಇಲ್ಲ."

ವಿಜಯಕುಮಾರ್ ಬಾಯಿಗೆ ಬಂದಂತೆ ಬೈದು ನನ್ನನ್ನು ಕೆಲಸದಿಂದ ತೆಗೆದರು, ಅಣ್ಣನನ್ನು ಉಳಿಸಿಕೊಂಡರು. ಸದ್ಯ, ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಗೇಟಿನ ಹತ್ತಿರ ಅಣ್ಣನ ಮುಂದೆ ಕೈಮುಗಿದೆ. "ಅಡಿ ಅಂದಂಗೆ ಕೇಳಿಸ್ತಣ್ಣಾ, ಬೇಕಂತ ಮಾಡ್ಲಿಲ್ಲ."

ಅವರು ಮೊದಲ ಬಾರಿಗೆ ನನ್ನೊಂದಿಗೆ ತಮಿಳಿನಲ್ಲಿ ಮಾತಾಡಿದರು. ಮೊಳೆ ಹೊಡೆದದ್ದು ಕೈತಪ್ಪು, ಅದು ಇರಲಿ ಎಂದರು. "ನನ್ನ ಕೈಯಿಂದ ರಕ್ತ ಸುರಿಯುತ್ತಿತ್ತು, ನೀನು ಮೊದಲು ತಂತಿ ಬಿಚ್ಚಿದೆ, ನಾನು ನೋಡುತ್ತಲೇ ಇದ್ದೆ" ಎಂದರು.

ಈಗಲೂ ಪೇಟೆಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾರೆ, ಮನೆಯವರ ಆರೋಗ್ಯ ವಿಚಾರಿಸುತ್ತಾರೆ. ಆದರೆ ಕನ್ನಡದಲ್ಲಲ್ಲ, ತಮಿಳಿನಲ್ಲಿ.